ಕೋನ್‌ಸೆಟ್ಟಿನ ಹದ
ಬಜಾಜ್ ಅವೆಂಜರ್ 220ರಂಥ ಕ್ರೂಸರ್‌ಗೆ ಉದ್ದನೆಯ ಮೈ, ಮುಂದಕ್ಕೆ ಚಾಚಿದ ಫೋರ್ಕ್. ನೇರ ರಸ್ತೆಯಲ್ಲಿ ಗಟ್ಟಿ, ತಿರುವಿನಲ್ಲಿ ಭಾರ. ಶಿಡ್ಲಘಟ್ಟದಿಂದ ನಂದಿಬೆಟ್ಟಕ್ಕೆ ಹೊರಟವರಿಗೆ ಬೆಟ್ಟದ ತಿರುವುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಆ ಭಾರವನ್ನು ಪಳಗಿಸುವುದು ಮೆಕ್ಯಾನಿಕ್‌ಗಳ ಕೈಗುಣ. ಮುಂದಿನ ಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸುತ್ತಾರೆ. ನಡುವೆ ಕಚ್ಚಿಕೊಂಡರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್ ಜೋಡಿ, ಅಂದರೆ ಕೋನ್‌ಸೆಟ್ ಸವೆದಿದೆ. ಫೋರ್ಕ್ ಹಿಡಿದು ಹಿಂದೆಮುಂದೆ ಅಲುಗಿಸಿದಾಗ ಟಕ್ ಎಂದರೆ ಸಡಿಲವಾಗಿದೆ. ಹೊಸದನ್ನು ಕೂರಿಸಿ, ಗ್ರೀಸ್ ತುಂಬಿ, ನಟ್ಟನ್ನು ಇಷ್ಟಿಷ್ಟೇ ಬಿಗಿಯುತ್ತಾರೆ. ಅಲುಗಾಟ ಇರಬಾರದು, ತಿರುಗಿಸಲು ತಡೆಯೂ ಇರಬಾರದು. ರೇಷ್ಮೆ ನೂಲು ಬಿಚ್ಚುವವರ ಬೆರಳಿಗೆ ಎಳೆಯ ಬಿಗಿ ತಿಳಿಯುವಂತೆ, ಇವರ ಸ್ಪ್ಯಾನರಿಗೆ ಈ ಹದ ತಿಳಿಯುತ್ತದೆ.

ದುಬಾರಿ ಶಾಕ್ ಅಬ್ಸಾರ್ಬರ್ ಕೊಳ್ಳುವ ಮೊದಲು ಕೋನ್‌ಸೆಟ್, ಫೋರ್ಕ್ ಆಯಿಲ್, ಟೈರಿನ ಗಾಳಿ ಸರಿಮಾಡಿಸಿ. ಕೂಲಿಯಲ್ಲಿ ಚೌಕಾಸಿ ಬೇಡ. ಆ ಕೈಗೆ ಅಷ್ಟು ಬೆಲೆಯಿದೆ.