ಇಲಿಗೆ ಕೇಳಿದ ಪ್ರಶ್ನೆ, ನಮಗೆ ಬಂದ ಉತ್ತರ

ನಮ್ಮ ಪತ್ರಿಕೆಗಳಲ್ಲಿ ಆಗಾಗ ಒಂದು ಸುದ್ದಿ ಬರುತ್ತೆ: ಇಂಥಾ ರೋಗಕ್ಕೆ ಮದ್ದು ಸಿಕ್ಕಿತು, ಪ್ರಯೋಗ ಯಶಸ್ವಿ. ಪ್ರಯೋಗ ನಡೆದಿದ್ದು ಇಲಿಗಳ ಮೇಲೆ ಅನ್ನೋ ಮಾತು ಕೊನೆಯ ಪ್ಯಾರಾದಲ್ಲಿ ಎಲ್ಲೋ ಇರುತ್ತೆ. ಅಷ್ಟರಲ್ಲಿ ತಲೆಬರಹ ಮಾತ್ರ ವಾಟ್ಸಾಪ್ ಹತ್ತಿ ದಮ್ಮಾಮ್, ಜುಬೈಲ್ ದಾಟಿ, ಕುವೈತ್ ಗಡಿಯ ಪಕ್ಕದಲ್ಲಿರೋ ನಮ್ಮ ಅಲ್ ಖಫ್ಜಿ ತನಕ ಬಂದಿರುತ್ತೆ. ಊರಲ್ಲಿ ಕಾಯಿಲೆಯ ಅಪ್ಪ ಅಮ್ಮನನ್ನು ಬಿಟ್ಟು ಬಂದವರು ಅದನ್ನ ಓದಿ, "ಆ ಮದ್ದು ಅಲ್ಲಿ ಸಿಗುತ್ತಾ ಕೇಳು" ಅಂತ ತಮ್ಮನಿಗೆ ಫೋನ್ ಮಾಡ್ತಾರೆ. ತಪ್ಪು ಅವರದಲ್ಲ. ಆ ಸುದ್ದಿಯನ್ನ ಬರೆದ ರೀತಿಯೇ ಹಾಗಿದೆ.

ನನ್ನ ತಕರಾರು ಒಂದು ಪದದಿಂದಲೇ ಶುರುವಾಗುತ್ತೆ. ರೋಗದ ಅಧ್ಯಯನಕ್ಕೆ ಬಳಸೋ ಪ್ರಾಣಿಯನ್ನ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶವನ್ನ ಕನ್ನಡದಲ್ಲಿ "ಮಾದರಿ" ಅಂತೀವಿ. ಆದರೆ ಮಾದರಿ ಶಾಲೆ, ಮಾದರಿ ಗ್ರಾಮ, ಮಾದರಿ ವಿದ್ಯಾರ್ಥಿ ಅಂತ ಕೇಳಿ ಬೆಳೆದವರಿಗೆ ಈ ಪದ ಹೇಳೋದೇ ಬೇರೆ. ಎಲ್ಲರೂ ಅನುಸರಿಸಬೇಕಾದದ್ದು, ಅಚ್ಚುಕಟ್ಟಾದದ್ದು ಅಂತ ಅರ್ಥವಾಗುತ್ತೆ. ಪ್ರಯೋಗಾಲಯದ ಇಲಿ ಅಂಥದ್ದಲ್ಲ. ಅದು ನಮ್ಮ ಹೊಲದ ಬೆರ್ಚಪ್ಪನ ಹಾಗೆ. ಕೋಲು, ಹಳೇ ಅಂಗಿ, ಮಡಕೆ ತಲೆ. ಕಾಗೆಯ ಕಣ್ಣಿಗೆ ಮಾತ್ರ ಅವನು ಮನುಷ್ಯ, ಆ ಒಂದು ಕೆಲಸಕ್ಕೆ ಅಷ್ಟು ಸಾಕು. ಅವನ ಕೈಗೆ ಗುದ್ದಲಿ ಕೊಟ್ಟು ತೋಟಕ್ಕೆ ನೀರು ಕಟ್ಟು ಅಂದರೆ ಆಗಲ್ಲ. ರೋಗದ ಮಾದರಿಯೂ ಯಾವುದೋ ಒಂದು ಪ್ರಶ್ನೆಗೆ ಉತ್ತರ ಕೊಡೋಕೆ ನಿಲ್ಲಿಸಿದ್ದು. ಯಾವ ಪ್ರಶ್ನೆಗೆ ಅನ್ನೋದನ್ನ ವರದಿ ಹೇಳದಿದ್ದರೆ, ಓದುಗ ತನಗೆ ಬೇಕಾದ ಪ್ರಶ್ನೆಗೇ ಉತ್ತರ ಬಂತು ಅಂದುಕೊಳ್ತಾನೆ.

ಈ ದೇಶದ್ದೇ ಉದಾಹರಣೆ ನೋಡಿ. 2012ರಲ್ಲಿ ಜೆದ್ದಾದ ಆಸ್ಪತ್ರೆಯೊಂದರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ ರೋಗಿಯ ಕಫದಲ್ಲಿ ಡಾ. ಅಲಿ ಮೊಹಮ್ಮದ್ ಝಕಿ ಹೊಸದೊಂದು ಕೊರೊನಾ ವೈರಸ್ಸನ್ನ ಕಂಡರು. ಮುಂದೆ ಅದಕ್ಕೆ ಮರ್ಸ್ ಅಂತ ಹೆಸರಾಯಿತು. ಅವರು ಅದನ್ನ ಬೆಳೆಸಿದ್ದು ಮಂಗದ ಮೂತ್ರಪಿಂಡದ ಜೀವಕೋಶಗಳಲ್ಲಿ. "ಇಲ್ಲಿ ಜೀವಂತ ವೈರಸ್ಸು ಇದೆಯಾ?" ಅನ್ನೋ ಪ್ರಶ್ನೆಗೆ ಆ ಜೀವಕೋಶಗಳು ಸರಿಯಾದ ಉತ್ತರವನ್ನೇ ಕೊಟ್ಟವು.

ಮುಂದಿನ ಪ್ರಶ್ನೆಗೆ ಇಲಿ ಬೇಕಿತ್ತು. ಆದರೆ ಇಲಿಗೆ ಮರ್ಸ್ ತಗಲಲೇ ಇಲ್ಲ. ಈ ವೈರಸ್ಸು ಒಳಗೆ ಹೋಗೋಕೆ ಜೀವಕೋಶದ ಮೇಲಿರೋ ಡಿಪಿಪಿ-4 ಅನ್ನೋ ಪ್ರೋಟೀನನ್ನ ಹಿಡಿದುಕೊಳ್ಳುತ್ತೆ. ಇಲಿಗೂ ಆ ಪ್ರೋಟೀನು ಇದೆ, ಆದರೆ ಅದರ ರಚನೆಯಲ್ಲಿ ಸ್ವಲ್ಪ ವ್ಯತ್ಯಾಸ. ಬೀಗ ಇದೆ, ಕೀಲಿ ಕೂರಲ್ಲ. 2014ರಲ್ಲಿ ವಿಜ್ಞಾನಿಗಳು ಮನುಷ್ಯರ ಡಿಪಿಪಿ-4 ಅನ್ನು ಇಲಿಯ ಶ್ವಾಸಕೋಶಕ್ಕೆ ಸೇರಿಸಿ ಸೋಂಕು ಬರಿಸಿದರು. ಆಮೇಲೆ ಮೈಯೆಲ್ಲಾ ಆ ಪ್ರೋಟೀನು ಇರೋ ಇಲಿಗಳನ್ನೂ ತಯಾರಿಸಿದರು. ಅವುಗಳಲ್ಲಿ ಕೆಲವು ತಳಿಗಳಲ್ಲಿ ಸೋಂಕು ಮಿದುಳಿಗೂ ಏರಿತು. ಮನುಷ್ಯರಿಗೆ ಮರ್ಸ್ ಬಂದರೆ ಕೆಡೋದು ಮುಖ್ಯವಾಗಿ ಶ್ವಾಸಕೋಶ.

ಇನ್ನು ಒಂಟೆ. ಅದಕ್ಕೆ ಈ ವೈರಸ್ಸು ಸಹಜವಾಗಿಯೇ ತಗಲುತ್ತೆ, ನಮಗೆ ಬರೋದೂ ಅದರಿಂದಲೇ. ಹಾಗಾದರೆ ಒಂಟೆಗಿಂತ ಒಳ್ಳೇ ಮಾದರಿ ಯಾವುದಿದೆ? ಅಲ್ಲೂ ತೊಡಕಿದೆ. ಒಂಟೆಯಲ್ಲಿ ಡಿಪಿಪಿ-4 ಹೆಚ್ಚಾಗಿ ಇರೋದು ಮೂಗಿನಲ್ಲಿ, ಮನುಷ್ಯರಲ್ಲಿ ಶ್ವಾಸಕೋಶದ ಆಳದಲ್ಲಿ. ಹಾಗಾಗಿ ಒಂಟೆಗೆ ನೆಗಡಿ, ನಮಗೆ ನ್ಯುಮೋನಿಯಾ. ವೈರಸ್ಸು ಹೇಗೆ ಹರಡುತ್ತೆ ಅಂತ ತಿಳಿಯೋಕೆ ಒಂಟೆಯನ್ನೇ ನೋಡಬೇಕು. ರೋಗಿ ಯಾಕೆ ಸಾಯ್ತಾನೆ ಅನ್ನೋದಕ್ಕೆ ಒಂಟೆಯ ಹತ್ತಿರ ಉತ್ತರ ಇಲ್ಲ.

ಈ ವ್ಯತ್ಯಾಸವನ್ನ ಮರೆತರೆ ಏನಾಗುತ್ತೆ ಅನ್ನೋದನ್ನ 2020ರಲ್ಲಿ ಎಲ್ಲರೂ ನೋಡಿದ್ದೀವಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನೆನಪಿದೆಯಲ್ಲ? ಅದರ ಮೇಲೆ ಭರವಸೆ ಹುಟ್ಟಿದ್ದಕ್ಕೆ ಒಂದು ದೊಡ್ಡ ಕಾರಣ ವೆರೋ ಜೀವಕೋಶಗಳಲ್ಲಿ ಕಂಡ ಫಲಿತಾಂಶ. ವೆರೋ ಅಂದರೆ ಮತ್ತದೇ ಮಂಗದ ಮೂತ್ರಪಿಂಡದ ಜೀವಕೋಶ. ಅಲ್ಲಿ ಈ ಮದ್ದು ಕೋವಿಡ್ ವೈರಸ್ಸನ್ನ ತಡೆದಿತ್ತು. ಮಾರ್ಚ್ ತಿಂಗಳಲ್ಲೇ ಭಾರತದ ಐಸಿಎಂಆರ್ ಆರೋಗ್ಯ ಕಾರ್ಯಕರ್ತರಿಗೆ ಮುಂಜಾಗ್ರತೆಗಾಗಿ ಅದನ್ನ ಸೂಚಿಸಿತು. ಆಮೇಲೆ ಮನುಷ್ಯರ ಶ್ವಾಸಕೋಶದ ಜೀವಕೋಶಗಳಲ್ಲಿ ನೋಡಿದರೆ ಮದ್ದು ಕೆಲಸ ಮಾಡಲಿಲ್ಲ. ಅಲ್ಲಿ ಒಂದು ಕಿಣ್ವದ ಸಹಾಯದಿಂದ ವೈರಸ್ಸು ನೇರವಾಗಿ ಮುಂಬಾಗಿಲಿನಿಂದಲೇ ಒಳಗೆ ಹೋಗುತ್ತೆ. ವೆರೋ ಜೀವಕೋಶದಲ್ಲಿ ಆ ಕಿಣ್ವ ಸಾಕಷ್ಟಿಲ್ಲದ ಕಾರಣ ಹಿತ್ತಿಲ ಬಾಗಿಲಿಂದ ಹೋಗುತ್ತೆ. ಮದ್ದು ಕಾವಲು ಕಾಯ್ತಾ ಇದ್ದದ್ದು ಹಿತ್ತಿಲನ್ನ! ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ್ದ ರೋಗಿಗಳಿಗೆ ಅದನ್ನ ಕೊಟ್ಟಾಗ 28 ದಿನದೊಳಗೆ ತೀರಿಕೊಂಡವರು ನೂರಕ್ಕೆ 27. ಕೊಡದವರಲ್ಲಿ 25. ಲಾಭ ಏನೂ ಇರಲಿಲ್ಲ.

ಈಗ ನಮ್ಮ ಊರಿನ ಕಡೆಗೆ ಬರೋಣ. ಕನ್ನಡ ನಾಡಿನ ಕಾಡಿನ ಹೆಸರನ್ನೇ ಹೊತ್ತ ರೋಗ ಒಂದಿದೆ: ಕ್ಯಾಸನೂರು ಕಾಡಿನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಮುಸಿಯ ಮತ್ತು ಮಂಗಗಳು ಕಾಡಲ್ಲಿ ಸತ್ತು ಬಿದ್ದವು, ಜೊತೆಗೆ ಜನರಿಗೂ ವಿಪರೀತ ಜ್ವರ. ಹಳದಿ ಜ್ವರ ಬಂತೇನೋ ಅಂತ ಮೊದಲು ಭಯ ಇತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮಾದರಿಗಳನ್ನ ಎಳೇ ಇಲಿಮರಿಗಳಿಗೆ ಚುಚ್ಚಿ ವೈರಸ್ಸನ್ನ ಹಿಡಿದರು. ಹರಡೋದು ಉಣ್ಣೆಯಿಂದ ಅಂತಲೂ ಗೊತ್ತಾಯಿತು. ಇಲಿಮರಿ ಇಲ್ಲದಿದ್ದರೆ ಇದು ಅಷ್ಟು ಬೇಗ ಆಗ್ತಿರಲಿಲ್ಲ. ಪ್ರಾಣಿ ಪ್ರಯೋಗ ಪೂರ್ತಿ ದಂಡ ಅನ್ನೋರಿಗೆ ಇದೇ ನನ್ನ ಉತ್ತರ.

ಆದರೆ ದೊಡ್ಡ ಇಲಿಗೂ ಈ ವೈರಸ್ಸು ಏರೋದು ಮಿದುಳಿಗೆ. ಮಲೆನಾಡಿನ ರೋಗಿಗೆ ಮೊದಲು ಬರೋದು ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮಿದುಳಿನ ತೊಂದರೆ ಬಂದರೂ ಎರಡನೇ ಸುತ್ತಿನಲ್ಲಿ, ಅದೂ ಕೆಲವರಿಗೆ ಮಾತ್ರ. ಹಾಗಾಗಿ ಇಲಿ ಬದುಕಿತು ಅನ್ನೋ ಫಲಿತಾಂಶ ಮನುಷ್ಯ ಬದುಕ್ತಾನೆ ಅನ್ನೋದರ ಖಾತ್ರಿಯಲ್ಲ.

ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸು ಬೆಳೆಸಿ, ಫಾರ್ಮಾಲಿನ್‌ನಿಂದ ಕೊಂದು ಲಸಿಕೆ ಮಾಡಿದರು. 1990ರಿಂದ 1992ರ ತನಕ ನಡೆದ ಕ್ಷೇತ್ರ ಪ್ರಯೋಗದಲ್ಲಿ ಎರಡು ಡೋಸಿಗೆ ನೂರಕ್ಕೆ 93.5ರಷ್ಟು ರಕ್ಷಣೆ ಅಂತ ಬಂತು. 2005ರಿಂದ 2010ರ ಲೆಕ್ಕ ಇಟ್ಟುಕೊಂಡು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದೇ ಎರಡು ಡೋಸಿಗೆ 62.4, ಬೂಸ್ಟರ್ ಸೇರಿದರೆ 82.9. ಒಂದೇ ಡೋಸಿನಿಂದ ಉಪಯೋಗವೇ ಕಾಣಲಿಲ್ಲ. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ತೋಳಿಗೆ ಸೂಜಿ ಚುಚ್ಚಿಸಿಕೊಂಡು, ಅದರ ನೋವು ಸಹಿಸಿಕೊಂಡು, ಇನ್ನು ಭಯವಿಲ್ಲ ಅಂತ ದರಗು ಗುಡಿಸೋಕೆ ಕಾಡಿಗೆ ಹೋದವರ ನಂಬಿಕೆಯ ಪ್ರಶ್ನೆ ಇದು. ಕೋಳಿಯ ಜೀವಕೋಶಕ್ಕೆ ಕೇಳಿದ್ದು "ವೈರಸ್ಸು ಬೆಳೆಯುತ್ತಾ?" ಅಂತ, ಅದು ಹೌದು ಅಂತು. "ಸಾಗರದ ಹೆಂಗಸಿಗೆ ಈ ವರ್ಷ ರಕ್ಷಣೆ ಇದೆಯಾ?" ಅನ್ನೋದನ್ನ ಸಾಗರದಲ್ಲೇ, ಮತ್ತೆ ಮತ್ತೆ ಕೇಳ್ತಾ ಇರಬೇಕಿತ್ತು.

ನಮ್ಮ ಭಾಷೆ ಇನ್ನೊಂದು ಅನ್ಯಾಯವನ್ನೂ ಮಾಡಿದೆ. ಇದಕ್ಕೆ "ಮಂಗನ ಕಾಯಿಲೆ" ಅಂತ ಹೆಸರಿಟ್ಟಿದ್ದೀವಿ. ಮಂಗ ಇದರಲ್ಲಿ ನಮ್ಮ ಹಾಗೇ ಉಣ್ಣೆ ಕಚ್ಚಿ ಸಾಯೋ ಜೀವ. ಕಾಡಲ್ಲಿ ಅದು ಸತ್ತು ಬಿತ್ತು ಅಂದರೆ ಆ ಜಾಗಕ್ಕೆ ಹೋಗಬೇಡಿ ಅಂತ ಅರ್ಥ. ಆ ಎಚ್ಚರಿಕೆಗೆ ಯಾವ ಪ್ರಯೋಗಾಲಯವೂ ಬೇಡ, ಸತ್ತ ಮಂಗದ ಸುದ್ದಿಯನ್ನ ಆಶಾ ಕಾರ್ಯಕರ್ತೆಗೆ ಕೂಡಲೇ ಮುಟ್ಟಿಸೋ ಊರಿನವರಿದ್ದರೆ ಸಾಕು.

ಹಾಗಾಗಿ ವಿಜ್ಞಾನದ ಸುದ್ದಿ ಬರೆಯೋರಿಗೆ ನನ್ನ ಬೇಡಿಕೆ ಸಣ್ಣದು. ಇಲಿ ಅನ್ನೋ ಪದ ತಲೆಬರಹದಲ್ಲೇ ಇರಲಿ. ಆ ಇಲಿಗೆ ರೋಗ ತಾನಾಗಿ ಬಂತಾ, ಬರಿಸಿದ್ದಾ ಅಂತ ಹೇಳಿ. ಜೀವಕೋಶ ಯಾವ ಪ್ರಾಣಿಯದ್ದು, ಯಾವ ಅಂಗದ್ದು ಅಂತ ಬರೆಯಿರಿ. ಮನುಷ್ಯರ ಮೇಲೆ ಪ್ರಯೋಗ ಇನ್ನೂ ಆಗಿಲ್ಲ ಅಂದರೆ ಅದು ಮೊದಲ ಪ್ಯಾರಾದಲ್ಲೇ ಬರಲಿ. ಓದೋರು ನಾವೂ ಈ ನಾಲ್ಕನ್ನೂ ಹುಡುಕೋದು ರೂಢಿ ಮಾಡ್ಕೋಬೇಕು. ಸಿಗದಿದ್ದರೆ ಆ ಸುದ್ದಿಯನ್ನ ಮುಂದಕ್ಕೆ ಕಳಿಸೋದು ಬೇಡ, ಅಪ್ಪನ ಮಾತ್ರೆಯನ್ನ ಬದಲಿಸೋದಂತೂ ಬೇಡವೇ ಬೇಡ.