ಕುಂಟೆತ್ತಿನ ಪಕ್ಷದಲ್ಲಿ

ಮೊಮ್ಮಗನ ಶಿಶುವಿಹಾರದ ವಾರ್ಷಿಕ ಪ್ರದರ್ಶನಕ್ಕೆ ಅಜ್ಜನೆಂಬ ಅಧಿಕಾರದಿಂದ ನಾನೂ ಹೋಗಿದ್ದಾಗ, ಬಾಗಿಲಿಗೆ ಎದುರಾದ ಗೋಡೆಯ ಮೇಲೆ 22 ಆನೆಗಳು ಮೂರು ಸಾಲಾಗಿ ತೂಗುತ್ತಿದ್ದುವು. ಕಾಗದದ ತಟ್ಟೆಯೇ ಮುಖ, ಮಡಿಸಿದ ಬೂದುಬಣ್ಣದ ಪಟ್ಟಿಯೇ ಸೊಂಡಿಲು, ಅಂಗಡಿಯಿಂದ ತಂದ ಅಲುಗಾಡುವ ಪ್ಲಾಸ್ಟಿಕ್ ಗುಡ್ಡೆಗಳೇ ಕಣ್ಣು. ಎಲ್ಲವೂ ಒಂದೇ ಓರೆಯಲ್ಲಿ ಸೊಂಡಿಲನ್ನೆತ್ತಿ, ಒಂದೇ ದಿಕ್ಕನ್ನು ದಿಟ್ಟಿಸುತ್ತ, ಒಂದೇ ತಾಯಿಗೆ ಒಂದೇ ಮುಹೂರ್ತದಲ್ಲಿ ಜನಿಸಿದಂತಿದ್ದುವು. ಕೆಳಗಿನ ಚೀಟಿಗಳಲ್ಲಿ ಮಾತ್ರ ಬೇರೆ ಬೇರೆ ಹೆಸರು. "ನಿನ್ನದು ಯಾವುದೋ?" ಎಂದು ಕೇಳಿದೆ. ಅಕ್ಷರ ಬಾರದ ಆ ನಾಲ್ಕು ವರ್ಷದ ಕೂಸು ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕಿಂಚಿತ್ತೂ ವ್ಯಥೆಯಿಲ್ಲದೆ, "ಮಿಸ್ಸಿಗೆ ಗೊತ್ತು" ಎಂದ.

ಇದಕ್ಕಿಂತ ಮರ್ಮಭೇದಕವಾದ ವಿಮರ್ಶೆಯನ್ನು ನಾನು ಬರೆಯಲಾರೆ. ಆದರೂ ಎಳೆಯ ಮಕ್ಕಳಿಂದ ಮನೆಯ ಅಗ್ಗದ ಸಾಮಗ್ರಿಗಳಲ್ಲಿ ಮೃಗಪಕ್ಷಿಗಳನ್ನು ಮಾಡಿಸುವ ಈ ಪದ್ಧತಿಯು ಈಗ ಶಿಶುವಿಹಾರವೆನ್ನದೆ, ಬೇಸಗೆಯ ಶಿಬಿರವೆನ್ನದೆ ಸರ್ವತ್ರ ಪ್ರಚಾರಕ್ಕೆ ಬಂದಿರುವುದರಿಂದಲೂ, ಅದಕ್ಕೆ ಖರ್ಚಿಲ್ಲ, ಅದರಿಂದ ಬೆರಳುಗಳಿಗೆ ಸಾಧನೆ ದೊರೆಯುತ್ತದೆ, ಪ್ರಾಣಿಪರಿಚಯವೂ ಆಗುತ್ತದೆ ಎಂದು ಅದರ ಪಕ್ಷಪಾತಿಗಳು ದೃಢವಾಗಿ ನಂಬಿರುವುದರಿಂದಲೂ, ಆ ನಂಬಿಕೆಯನ್ನು ಕೊಂಚ ಪರೀಕ್ಷಿಸುವುದು ಅನುಚಿತವಾಗಲಾರದು.

ಖರ್ಚಿಲ್ಲವೆಂಬ ಮಾತನ್ನೇ ನೋಡೋಣ. ಶಾಲೆಯಿಂದ ಮನೆಗೆ ಬರುವ ಸಾಮಗ್ರಿಗಳ ಯಾದಿಯಲ್ಲಿ ಶೌಚದ ಕಾಗದದ ಸುರುಳಿ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ, ಧೂಮಪಾನದ ನಳಿಗೆಯನ್ನು ಶುಚಿಗೊಳಿಸಲೆಂದು ಹುಟ್ಟಿ ಈಗ ಮಕ್ಕಳ ಪಾಲಿಗೆ ಬಂದಿರುವ ರೋಮ ಸುತ್ತಿದ ತಂತಿ, ಐಸ್‌ಕ್ರೀಮನ್ನೇ ಕಾಣದ ಐಸ್‌ಕ್ರೀಮ್ ಕಡ್ಡಿಗಳ ಕಟ್ಟು, ಇವು ಇರುತ್ತವೆ. ಅನ್ಯದೇಶದ ಗೃಹಿಣಿಗೆ ಇವುಗಳಲ್ಲಿ ಕೆಲವು ನಿಜವಾಗಿ ಕಸವೇ. ಆಕೆ ಎಸೆಯಬೇಕಾದುದನ್ನು ಉಳಿಸುತ್ತಾಳೆ. ತಂಬಿಗೆಯಲ್ಲಿ ನೀರು ಹಿಡಿದು ಹೋಗುವ ಮನೆತನದವರು ಆ ಕೊಳವೆಯನ್ನು ಎಲ್ಲಿಂದ ತರಬೇಕು? ಒಬ್ಬರ ಮನೆಯ ಕಸವನ್ನು ಮತ್ತೊಬ್ಬರು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡುತರುವುದನ್ನು ಮಿತವ್ಯಯವೆನ್ನಲು ನನಗೆ ನಾಲಗೆ ಬಾರದು. ನಮ್ಮ ಮನೆಗಳ ಕಸವಾದರೂ ಬಡವಾದುದಲ್ಲ. ಮದುವೆಯ ಸುಗ್ಗಿಯಲ್ಲಿ ರಾಶಿಬೀಳುವ ಗಟ್ಟಿ ಕಾಗದದ ಲಗ್ನಪತ್ರಿಕೆಗಳುಂಟು, ಬರಿದಾದ ಬೆಂಕಿಪೆಟ್ಟಿಗೆಗಳುಂಟು, ದರ್ಜಿಯ ಅಂಗಡಿಯ ಚಿಂದಿಯುಂಟು. ತೆಂಗಿನ ಗರಿಯನ್ನು ಹೆಣೆದರೆ ಹಾವಾಗುತ್ತದೆ. ಹೆಚ್ಚಿ ಉಳಿದ ಬೆಂಡೆಯ ತೊಟ್ಟನ್ನು ಬಣ್ಣದಲ್ಲದ್ದಿ ಸಾಲಾಗಿ ಒತ್ತಿದರೆ ಆಮೆಯ ಬೆನ್ನಿನ ಚಿತ್ತಾರವಾಗುತ್ತದೆ. ಇನ್ನು ಹೆಬ್ಬೆರಳಿನ ಗುರುತುಗಳು ಮೂರನ್ನು ಒತ್ತೊತ್ತಾಗಿ ಮೂಡಿಸಿ ಆರು ಕಾಲೆಳೆದರೆ ಇರುವೆಯೇ ಸೈ, ಅದಕ್ಕೆ ಕಾಸಿನ ವೆಚ್ಚವೂ ಇಲ್ಲ.

ಬೆರಳುಗಳ ಸಾಧನೆಯ ವಿಷಯದಲ್ಲಿ ಇನ್ನೂ ದೊಡ್ಡ ಭ್ರಾಂತಿಯುಂಟು. ಮೂರು ವರ್ಷದ ಮಗು ಕತ್ತರಿಯಿಂದ ಕಾಗದದ ಅಂಚನ್ನು ಚೂರುಚೂರಾಗಿ ಕತ್ತರಿಸೀತು; ನೇರವಾದ ಗೆರೆಯ ಮೇಲೆ ಕತ್ತರಿಯನ್ನು ನಡೆಸುವುದು ನಾಲ್ಕರ ಸುಮಾರಿಗೆ; ಆನೆಯ ಕಿವಿಯಂತಹ ವಕ್ರರೇಖೆಯನ್ನು ಅನುಸರಿಸುವುದು ಅದಕ್ಕೂ ತರುವಾಯದ ಸಿದ್ಧಿ. ಹೀಗಿರಲು ಆ ಗೋಡೆಯ ಮೇಲಿನ 44 ಕಿವಿಗಳನ್ನು ಕತ್ತರಿಸಿದವರು ಯಾರೆಂಬುದಕ್ಕೆ ಸಾಕ್ಷಿ ಬೇಕಿಲ್ಲ. ಹಿಂದಿನ ರಾತ್ರಿ ನಿದ್ದೆಗೆಟ್ಟು ಕತ್ತರಿಯಾಡಿಸಿದ ಉಪಾಧ್ಯಾಯಿನಿಯ ಬೆರಳುಗಳಿಗೆ ಸಾಧನೆಯಾಯಿತು; ಮಗುವಿನ ಪಾಲಿಗೆ ಉಳಿದುದು ತೋರಿಸಿದೆಡೆಯಲ್ಲಿ ಅಂಟು ಸವರುವ ಕೂಲಿ. ಪ್ರಾಣಿಪರಿಚಯದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ; ಕಾಗೆ, ಹಲ್ಲಿ, ಬೀದಿಯ ನಾಯಿ, ತರಕಾರಿಯ ಸಿಪ್ಪೆಗಾಗಿ ಬಾಗಿಲಿಗೆ ಬರುವ ಹಸು ಇವುಗಳನ್ನು ದಿನಬೆಳಗೂ ಕಾಣುವ ಕೂಸಿನಿಂದ ಮೊಟ್ಟಮೊದಲು ಪೆಂಗ್ವಿನ್ನನ್ನೇ ಮಾಡಿಸಬೇಕೆಂಬ ಹಟದ ಅರ್ಥ ನನಗಂತೂ ಆಗಿಲ್ಲ.

ಈ ವಿಪರ್ಯಾಸವು ಇಂದಿನದೇನೂ ಅಲ್ಲ. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಎಳೆಯರಿಗಾಗಿ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಮಕ್ಕಳ ತೋಟವೆಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟ ಫ್ರೋಬೆಲ್ ಮಹಾಶಯನು, ಕಾಗದ ಮಡಿಸುವುದು, ಪಟ್ಟಿ ಹೆಣೆಯುವುದು, ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿ ಆಕೃತಿ ಕಟ್ಟುವುದು, ಜೇಡಿಮಣ್ಣನ್ನು ಮಿದಿಯುವುದು ಮೊದಲಾದ ಕೆಲಸಗಳನ್ನು ಶಿಶುಶಿಕ್ಷಣದ ಕೇಂದ್ರಕ್ಕೆ ತಂದನು. ಅನುಯಾಯಿಗಳಾದರೋ ಆತನ ಕೆಲಸಗಳನ್ನು ಹಿಡಿದುಕೊಂಡು ತೋಟವೆಂಬ ಮಾತನ್ನು ಬಹುಮಟ್ಟಿಗೆ ಮರೆತರು. 1947ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಕಲಾಶಿಕ್ಷಣತಜ್ಞ ವಿಕ್ಟರ್ ಲೋವೆನ್‌ಫೆಲ್ಡನು, ಅಚ್ಚಾದ ಆಕೃತಿಗೆ ಬಣ್ಣ ತುಂಬುವ ಪುಸ್ತಕಗಳು ಮಗುವಿಗೆ ತನ್ನ ರೇಖೆಯಲ್ಲಿರುವ ವಿಶ್ವಾಸವನ್ನೇ ಕಸಿದುಕೊಳ್ಳುವುವೆಂದು ಎಚ್ಚರಿಸಿದನು. ನಮ್ಮ ದೇಶದಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯ ಬಡಮಕ್ಕಳ ನಡುವೆ ಬಾಲವಾಡಿಯನ್ನು ಆರಂಭಿಸಿದಾಗ, ಬೆಲೆಬಾಳುವ ಉಪಕರಣಗಳಿಗೆ ಬದಲಾಗಿ ಬೀಜ, ಎಲೆ, ಚಿಪ್ಪು, ಕಲ್ಲುಗಳಂತಹ ಸ್ಥಳೀಯ ವಸ್ತುಗಳನ್ನೇ ಮಕ್ಕಳ ಕೈಗೆ ಕೊಟ್ಟರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಗಿ ನಮ್ಮ ರಾಜ್ಯದ ತಿರುಮಕೂಡಲು ನರಸೀಪುರದಲ್ಲಿಯೂ ಅಂಗನವಾಡಿಗಳ ಬಾಗಿಲು ತೆರೆಯುವುದಕ್ಕೆ ಮೂವತ್ತು ವರ್ಷ ಮುಂಚಿನ ಮಾತು ಇದು.

ಎಲ್ಲವನ್ನೂ ತೂಗಿನೋಡಲಾಗಿ, ಈ ವಯಸ್ಸಿಗೆ ಸರ್ವೋತ್ತಮವಾದ ಸಾಮಗ್ರಿಯು ಕಣಕವೆಂದು ನನಗೆ ತೋರುತ್ತದೆ. ಎರಡು ಬಟ್ಟಲು ಗೋಧಿಹಿಟ್ಟು, ಒಂದು ಬಟ್ಟಲು ಉಪ್ಪು, ಸುಮಾರು ಒಂದು ಬಟ್ಟಲು ನೀರು ಸೇರಿಸಿ ನಾದಿದರೆ ಆಯಿತು. ಉಪ್ಪಿನ ದೆಸೆಯಿಂದ ಅದು ಬೇಗನೆ ಹಳಸದು, ಒಣಗಿದರೆ ಕಲ್ಲಿನಂತಾಗುವುದು. ಅಷ್ಟು ಉಪ್ಪನ್ನು ಮಗು ನುಂಗಬಾರದಾದುದರಿಂದ ಹಿರಿಯರ ಒಂದು ಕಣ್ಣು ಅಲ್ಲಿರಬೇಕು. ಅನ್ನವನ್ನು ಆಟಿಕೆ ಮಾಡಬಹುದೇ ಎಂದು ಕೇಳುವ ಹಿರಿಯರಿಗೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಅಮ್ಮ ಚಪಾತಿಯ ಕಣಕದಿಂದ ಹರಿದುಕೊಡುತ್ತಿದ್ದ ನೆಲ್ಲಿಕಾಯಿ ಗಾತ್ರದ ಉಂಡೆಯಿಂದ ನಾನು ಮಾಡಿದ ಹಕ್ಕಿಯನ್ನು ಆಕೆ ಹೆಂಚಿನ ಮೂಲೆಯಲ್ಲಿ ಸುಟ್ಟುಕೊಡುತ್ತಿದ್ದುದನ್ನೂ, ನಾನು ಅದನ್ನು ತಿಂದೇ ಬಿಡುತ್ತಿದ್ದುದನ್ನೂ ನೆನೆದು ಸುಮ್ಮನಾಗುತ್ತೇನೆ. ಕಣಕದ ಗುಣವೆಂದರೆ ಅದು ತಪ್ಪನ್ನು ದಾಖಲಿಸಿಡುವುದಿಲ್ಲ. ಹೊಸೆದರೆ ಹಾವು, ಸುತ್ತಿದರೆ ಬಸವನಹುಳು, ಒತ್ತಿದರೆ ಮತ್ತೆ ಮುದ್ದೆ. ಕತ್ತರಿಸಿದ ಕಾಗದಕ್ಕೆ ಎರಡನೆಯ ಜನ್ಮವಿಲ್ಲ. ಕೆಟ್ಟೀತೆಂಬ ಭಯದಿಂದಲೇ ಹಿರಿಯರ ಕೈ ನಡುವೆ ಬರುವುದು.

ಇಷ್ಟು ಹೇಳುವಾಗ ಧಾರವಾಡದ ಕಡೆಯವನಾದ ನನಗೆ ಮಣ್ಣೆತ್ತಿನ ಅಮಾವಾಸ್ಯೆ ನೆನಪಾಗದೆ ಇರುವುದು ಅಸಾಧ್ಯ. ಕಾರಹುಣ್ಣಿಮೆ ಕಳೆದು, ಮುಂಗಾರಿನ ಮಳೆಗೆ ನೆಲ ಹದವಾದ ಜ್ಯೇಷ್ಠದ ಕೊನೆಯ ದಿನ, ಎರೆಮಣ್ಣನ್ನೋ ಹುತ್ತದ ಮಣ್ಣನ್ನೋ ತಂದು, ಕಸಕಡ್ಡಿ ಆರಿಸಿ, ಹದವಾಗಿ ಕಲಸಿ, ಎತ್ತುಗಳನ್ನೂ ಅವುಗಳ ಮುಂದಿಡುವ ಗೋದಲಿಯನ್ನೂ ಮಾಡಿ ಪೂಜಿಸುವ ಈ ಹಬ್ಬದಲ್ಲಿ, ಹಿರಿಯರು ಜಗಲಿಯ ಮೇಲೆ ಕುಳಿತು ದೇವರ ಎತ್ತನ್ನು ತಿದ್ದುತ್ತಿರುವಾಗ ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಕೂಸಿಗೂ ಒಂದು ಮುದ್ದೆ ಮಣ್ಣು ದೊರೆಯುತ್ತಿತ್ತು. ಯಾರೂ ಪಾಠ ಹೇಳುತ್ತಿರಲಿಲ್ಲ. ಹಿಣಿಲನ್ನು ಹಿಂಡಿ ಎಬ್ಬಿಸುವ ಬಗೆಯನ್ನು ಕೂಸು ಕದ್ದು ನೋಡಿ ಕಲಿಯುತ್ತಿತ್ತು. ಕಲಿಯದಿದ್ದರೆ ಅದರ ಎತ್ತಿಗೆ ಹಿಣಿಲಿಲ್ಲ, ಅಷ್ಟೆ. ಇದಕ್ಕಿಂತಲೂ ಸೋಜಿಗವಾದುದು ಮರುದಿನದ ಆಚಾರ. ಮಕ್ಕಳು ಕಾಲು ಮುರಿದ ಎತ್ತೊಂದನ್ನು ಹಿಡಿದು, ಆ ಕುಂಟೆತ್ತಿನ ಹೆಸರಿನಲ್ಲಿ ಮನೆಮನೆಗೆ ಹೋಗಿ ಜೋಳ ಬೇಡಿ, ಕೂಡಿಬಂದುದರಿಂದ ಅಡಿಗೆ ಮಾಡಿಸಿಕೊಂಡು ಊರ ಹೊರಗೆ ಹಂಚಿ ಉಣ್ಣುವರು. ಹೀಗೆ ಮುರಿದುಹೋದ ಕೃತಿಗೆ, ಪೂಜೆಗೊಂಡ ಕೃತಿಗಿಲ್ಲದ ಒಂದು ಪ್ರತ್ಯೇಕ ಕಾರ್ಯವನ್ನೇ ವಹಿಸಿಕೊಟ್ಟ ಶಿಕ್ಷಣಕ್ರಮವನ್ನು ನಾನು ಬೇರಾವ ಗ್ರಂಥದಲ್ಲಿಯೂ ಕಂಡಿಲ್ಲ. ಆ ಪ್ರದರ್ಶನದಲ್ಲಿಯಾದರೋ ಕಿವಿ ಹರಿದ ಆನೆಯಿದ್ದಿದ್ದರೆ ತಂದೆತಾಯಿಗಳು ಬರುವ ಮುಂಚೆ ಯಾರಾದರೂ ಅದನ್ನು ಅಂಟಿಸಿಬಿಡುತ್ತಿದ್ದರು.

ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ನಿರ್ದುಷ್ಟವೆಂದು ನಾನು ವಾದಿಸುವುದಿಲ್ಲ. ಮಣ್ಣಿನ ಎತ್ತಿಗೆ ಕಣ್ಣೆಂದು ಗುಲಗಂಜಿಯನ್ನು ಒತ್ತುವ ವಾಡಿಕೆಯುಂಟು. ಕೆಂಪು ಮೈಗೆ ಕಪ್ಪು ಬೊಟ್ಟಿಟ್ಟ ಆ ಚೆಲುವಾದ ಬೀಜವನ್ನು ಅಗಿದು ನುಂಗಿದರೆ ಅದು ಪ್ರಾಣಾಂತಿಕವಾದ ವಿಷ, ಆದುದರಿಂದ ಎಳೆಯರ ಹತ್ತಿರ ಅದು ಸುಳಿಯಲೇ ಕೂಡದು. ಕಡಲೆ, ಹುಣಸೆಬೀಜಗಳೂ ಮೂರರ ಒಳಗಿನ ಕೂಸಿನ ಮೂಗನ್ನು ಸೇರುವ ದಾರಿಯನ್ನು ಚೆನ್ನಾಗಿ ಬಲ್ಲವು. ಅವರಿಗೆ ಕಡ್ಡಿಯಿಂದ ಚುಚ್ಚಿದ ಕಣ್ಣೇ ಲೇಸು. ಪೇಟೆಯಲ್ಲಿ ಅಚ್ಚಿನಿಂದ ತೆಗೆದು ಬಣ್ಣ ಬಳಿದ ಜೋಡೆತ್ತುಗಳು ಸಿದ್ಧವಾಗಿ ದೊರೆಯುವಾಗ ಜಗಲಿಯ ಮೇಲೆ ಮಣ್ಣು ಕಲಸುವವರೂ ವಿರಳವಾಗಿದ್ದಾರೆ. ಮತ್ತೆ, ಅಷ್ಟೊಂದು ಮಕ್ಕಳನ್ನು ಒಂದೇ ಕೋಣೆಯಲ್ಲಿ ಒಬ್ಬಳೇ ಸಂಬಾಳಿಸುವ ಆ ಉಪಾಧ್ಯಾಯಿನಿಯನ್ನು ಹಳಿಯುವ ಧೈರ್ಯವೂ ನನಗಿಲ್ಲ, ಆಕೆಯ ಆನೆಗಳು ಒಂದೇ ತೆರನಾಗಿದ್ದುದು, ಬೇರೆ ತೆರನಾಗಿದ್ದರೆ "ನಮ್ಮವನದೇಕೆ ಹೀಗಿದೆ?" ಎಂದು ಕೇಳುತ್ತಿದ್ದ ನಮ್ಮಂಥವರಿಗೆ ಹೆದರಿ. ಅನುಕರಣವನ್ನೂ ಸಾರಾಸಗಟಾಗಿ ತಿರಸ್ಕರಿಸಲಾಗದು. ಜೋಳದ ದಂಟಿನ ಸಿಪ್ಪೆ ಸುಲಿದು, ಬೆಂಡನ್ನು ಕತ್ತರಿಸಿ, ಸಿಪ್ಪೆಯ ಕಡ್ಡಿಗಳಿಂದಲೇ ಜೋಡಿಸಿ ಬಂಡಿ ಕಟ್ಟುವ ವಿದ್ಯೆಯನ್ನು ನಾನು ಅಣ್ಣನನ್ನು ನೋಡಿಯೇ ಕಲಿತೆ; ಆದರೆ ಅಣ್ಣನು ನನಗೆ ವಿಧಾನವನ್ನು ತೋರಿಸಿ ತನ್ನ ಬಂಡಿಯನ್ನು ಎತ್ತಿಕೊಂಡು ಹೊರಟುಹೋದನು, ನನ್ನದನ್ನು ತಿದ್ದಲು ಅವನಿಗೆ ಪುರಸತ್ತೂ ಇರಲಿಲ್ಲ, ಆಸಕ್ತಿಯೂ ಇರಲಿಲ್ಲ.

ಆ ವರ್ಷದ ಅಮಾವಾಸ್ಯೆಗೆ ಊರಿಂದ ಒಂದು ಚೀಲ ಎರೆಮಣ್ಣನ್ನು ಬೆಂಗಳೂರಿಗೆ ಹೊತ್ತುತಂದೆ. ಸೊಸೆ ನೆಲಕ್ಕೆ ಹಳೆಯ ಪತ್ರಿಕೆಗಳನ್ನು ಹಾಸಿಕೊಟ್ಟಳು. ಮೊಮ್ಮಗನು ಮುಕ್ಕಾಲು ಗಂಟೆ ಮಾತಿಲ್ಲದೆ ಕುಳಿತು ಮಾಡಿದ ಎತ್ತಿಗೆ ಕೊಂಬುಗಳು ಕಾಲುಗಳಿಗಿಂತ ಉದ್ದವಾಗಿದ್ದುವು, ಹೊಟ್ಟೆ ನೆಲ ಮುಟ್ಟುತ್ತಿತ್ತು. ಅದನ್ನು ಸಾಲಿನಲ್ಲಿಟ್ಟು ತೋರಿಸಿ ಯಾರದೆಂದು ಕೇಳುವ ಅಗತ್ಯವೇ ಬೀಳುವಂತಿರಲಿಲ್ಲ. ರಾತ್ರಿ ನೋಡುವಾಗ ಒಣಗಿದ ಮುಂಗಾಲೊಂದು ಕಳಚಿಬಿದ್ದಿತ್ತು. ಬೆಳಗ್ಗೆ ಕೂಸು ಅತ್ತೀತೆಂದು ಹೆಬ್ಬೆರಳನ್ನು ನೀರಿನಲ್ಲದ್ದಿಕೊಂಡು ನಾನು ಅದನ್ನು ಅಂಟಿಸಲು ಹೊರಟಾಗ, ಹಿಂದೆ ನಿಂತು ನೋಡುತ್ತಿದ್ದ ನನ್ನಾಕೆ, "ಇರಲಿ ಬಿಡ್ರಿ, ನಾಳಿಗೆ ಅದೇ ಬೇಕು" ಎಂದಳು.

ಮರುದಿನ ಆ ಕುಂಟೆತ್ತು ನಮ್ಮ ಅಂತಸ್ತಿನ ಮೂರು ಮನೆಗಳಿಂದ ಅರ್ಧ ಸೇರು ಅಕ್ಕಿಯನ್ನೂ ಒಂದು ಬಿಸ್ಕತ್ತಿನ ಪೊಟ್ಟಣವನ್ನೂ ಸಂಪಾದಿಸಿ ತಂದಿತು. ಜೋಳ ಯಾರ ಮನೆಯಲ್ಲಿಯೂ ಇರಲಿಲ್ಲ.