ಖಾತೆ ಮತ್ತು ಕರ್ತೃತ್ವ: ಯೂನಿಕ್ಸ್ ಬಳಕೆದಾರರ ಪಟ್ಟಿಯನ್ನು ಕುರಿತು ಒಂದು ವಿಮರ್ಶೆ

ಗಣಕಯಂತ್ರದಲ್ಲಿ ಹೊಸ ಬಳಕೆದಾರನೊಬ್ಬನಿಗೆ ಖಾತೆ ತೆರೆಯುವ ಕಾರ್ಯವನ್ನು ಇತಿಹಾಸಾಧ್ಯಾಪಕರು ವಿಚಾರಕ್ಕೆ ಎತ್ತಿಕೊಳ್ಳುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಅದು ಪ್ರಯೋಗಶಾಲೆಯ ಸಹಾಯಕರು ಎರಡು ನಿಮಿಷದಲ್ಲಿ ಮುಗಿಸುವ ಕೆಲಸವೆಂದೂ, ಮಾಡದಿದ್ದರೂ ನಡೆಯುತ್ತದೆಂದೂ ಸಾಮಾನ್ಯ ಭಾವನೆ. ಈ ಭಾವನೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ನಮ್ಮ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸುವ ಶಾಸನಪಾಠ, ಹಿರಿಯರ ಮೌಖಿಕ ಹೇಳಿಕೆ, ಊರ ದಾಖಲೆಗಳ ನಕಲು ಇವೆಲ್ಲವೂ ಇಂದು ಕಡೆಗೆ ಸೇರುವುದು ಗಣಕದ ಕಡತಗಳನ್ನು. ಆ ಕಡತಗಳನ್ನು ಬರೆದವರು ಯಾರೆಂಬುದಕ್ಕೆ ಯಂತ್ರವು ತಾನಾಗಿ ಒದಗಿಸುವ ಸಾಕ್ಷ್ಯ ಖಾತೆಯೇ ಸರಿ. ಆದುದರಿಂದ ಅದು ಆಕರ ವಿಮರ್ಶೆಯ ವ್ಯಾಪ್ತಿಗೆ ಬರುವ ವಿಷಯ.

ಖಾತೆಯೆಂಬ ಮಾತನ್ನೇ ಮೊದಲು ನೋಡೋಣ. ಕನ್ನಡದಲ್ಲಿ ಅದು ಮಂತ್ರಿಗಳಿಗೂ ಉಂಟು, ಬ್ಯಾಂಕಿನವರಿಗೂ ಉಂಟು. ಆದರೆ ಕೋಲಾರ ಸೀಮೆಯ ರೈತನ ಮನೆಯಲ್ಲಿ ಖಾತೆಯೆಂದರೆ ಜಮೀನಿನ ಖಾತೆಯೇ. ಪಹಣಿಯನ್ನು ಬಲ್ಲ ವಿದ್ಯಾರ್ಥಿಗೆ ಅದರ 9ನೆಯ ಕಾಲಂ ಹಾಗೂ 12ನೆಯ ಕಾಲಂಗಳ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದರಲ್ಲಿ ಖಾತೆದಾರನ ಹೆಸರು, ಮತ್ತೊಂದರಲ್ಲಿ ಸಾಗುವಳಿ ಮಾಡಿದವನ ಹೆಸರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಎಷ್ಟೋ ಗೇಣಿದಾರರ ಭವಿಷ್ಯ ಈ ಎರಡನೆಯ ಕಾಲಮಿನಲ್ಲಿ ಯಾರ ಹೆಸರಿದೆ ಎಂಬುದನ್ನು ಅವಲಂಬಿಸಿತ್ತು. ಯೂನಿಕ್ಸ್ ಮಾದರಿಯ ವ್ಯವಸ್ಥೆಯಲ್ಲಾದರೋ ಪ್ರತಿ ಕಡತಕ್ಕೂ ಒಡೆಯನ ಕಾಲಂ ಒಂದೇ ಇದೆ; ಉತ್ತವನಾರೆಂದು ಬರೆಯುವ ಕಾಲಂ ಅಲ್ಲಿ ಇಲ್ಲ. ಒಬ್ಬನಿಗೆ ಒಂದು ಖಾತೆಯೆಂಬ ನಿಯಮವಿದ್ದರೆ ಮಾತ್ರ ಒಡೆಯನೂ ಉತ್ತವನೂ ಒಬ್ಬನೇ ಆಗುತ್ತಾನೆ. ನಿಯಮ ತಪ್ಪಿದರೆ ಒಡೆಯನ ಹೆಸರು ಉಳಿದು, ಬರೆದವನ ಹೆಸರು ಅಳಿಯುತ್ತದೆ.

ಇನ್ನು ಖಾತೆಗಳ ಪಟ್ಟಿಯ ವಿಚಾರ. ಯೂನಿಕ್ಸ್ ಹುಟ್ಟಿದ್ದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ, 1969ರಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಮೊದಲಾದವರ ಕೈಯಲ್ಲಿ. ಅದರ ಮೊದಲ ಕೈಪಿಡಿ 1971ರ ನವೆಂಬರಿನದು. ಬಳಕೆದಾರರನ್ನು ಪಾಸ್‌ವರ್ಡ್ ಕಡತವೆಂಬ ಒಂದು ಸರಳ ಪಟ್ಟಿಯಲ್ಲಿ, ಆಳಿಗೊಂದು ಸಾಲಿನಂತೆ, ಬರೆದಿಡುವ ಪದ್ಧತಿ ಆಗಲೇ ಇತ್ತು. 1991ರಲ್ಲಿ ಆರಂಭವಾದ ಲಿನಕ್ಸ್ ಈ ಪದ್ಧತಿಯನ್ನು ಹಾಗೆಯೇ ಸ್ವೀಕರಿಸಿತು. ಇಂದಿನ ಸಾಲಿನಲ್ಲಿ ಏಳು ಅಂಕಣಗಳು: ಲಾಗಿನ್ ಹೆಸರು, ಗುಪ್ತಪದದ ಸ್ಥಾನ, ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ, ವಿವರ, ಮನೆ ಎನಿಸುವ ಕಡತಕೋಶ, ಲಾಗಿನ್ ಆದೊಡನೆ ಎದುರಾಗುವ ಆಜ್ಞಾವಾಹಕ. ಶಾಸನವನ್ನು ಓದುವಂತೆ ಈ ಸಾಲನ್ನು ಓದಿದರೆ ಅದರ ಪದರಗಳು ಒಂದೊಂದಾಗಿ ತೆರೆಯುತ್ತವೆ. ಎರಡನೆಯ ಅಂಕಣದಲ್ಲಿ ಈಗ ಕಾಣುವುದು ‘ಎಕ್ಸ್’ ಎಂಬ ಒಂದೇ ಅಕ್ಷರ. ಹಿಂದೆ ಅಲ್ಲಿ ಗುಪ್ತಪದವೇ ಗೂಢಲಿಪಿಯ ರೂಪದಲ್ಲಿರುತ್ತಿತ್ತು. ಆ ಪಟ್ಟಿಯನ್ನು ಎಲ್ಲರೂ ಓದಬಹುದಾದುದರಿಂದ ಅಪಾಯವನ್ನು ಮನಗಂಡು ಅದನ್ನು ನೆರಳು ಕಡತವೆಂಬ ಬೇರೊಂದು ಗುಪ್ತ ಪಟ್ಟಿಗೆ ಸಾಗಿಸಿದರು. ಗುರುತಿಗೆ ‘ಎಕ್ಸ್’ ಉಳಿಯಿತು. ಐದನೆಯ ಅಂಕಣದ ಹೆಸರು ಇನ್ನೂ ಸೊಗಸಾದುದು. ಅದನ್ನು ಇಂದಿಗೂ ‘ಗೀಕೋಸ್’ ಎಂದು ಕರೆಯುತ್ತಾರೆ. ಅದು ಜನರಲ್ ಎಲೆಕ್ಟ್ರಿಕ್ ಕಂಪನಿಯ ಗಣಕಗಳನ್ನು ನಡೆಸುತ್ತಿದ್ದ ಒಂದು ವ್ಯವಸ್ಥೆಯ ಹೆಸರು. ಬೆಲ್ ಪ್ರಯೋಗಾಲಯದವರು ಮುದ್ರಣವೇ ಮುಂತಾದ ಕೆಲಸಗಳನ್ನು ಆ ಯಂತ್ರಕ್ಕೆ ಕಳುಹಿಸುತ್ತಿದ್ದರು. ಅದಕ್ಕೆ ಬೇಕಾದ ಗುರುತನ್ನು ಈ ಅಂಕಣದಲ್ಲಿ ಬರೆಯುತ್ತಿದ್ದರು. ಯಂತ್ರ ಹೋಯಿತು, ಹೆಸರು ನಿಂತಿತು. ಕೆರೆ ಬತ್ತಿ ಬಡಾವಣೆಯಾದರೂ ‘ಕೆರೆಕೋಡಿ’ ಎಂಬ ಸ್ಥಳನಾಮ ನಿಲ್ಲುವಂತೆಯೇ ಇದು.

ಡೆಬಿಯನ್ ಮತ್ತು ಅದರ ಸಂತತಿಯ ಲಿನಕ್ಸ್‌ಗಳಲ್ಲಿ ‘ಆಡ್‌ಯೂಸರ್’ ಎಂಬ ಆಜ್ಞೆಯನ್ನು ಕೊಟ್ಟಾಗ ಯಂತ್ರವು ಈ ಐದನೆಯ ಅಂಕಣವನ್ನು ತುಂಬಲು ಪ್ರಶ್ನೆಗಳನ್ನು ಕೇಳುತ್ತದೆ: ಪೂರ್ಣ ಹೆಸರೇನು, ಕೋಣೆಯ ಸಂಖ್ಯೆ ಯಾವುದು, ಕಚೇರಿಯ ದೂರವಾಣಿ ಯಾವುದು, ಮನೆಯ ದೂರವಾಣಿ ಯಾವುದು ಎಂದು. ಲಕ್ಕೂರಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ಹುಡುಗನಿಗೆ ಕೋಣೆಯ ಸಂಖ್ಯೆಯೆಲ್ಲಿಂದ ಬರಬೇಕು? ಪ್ರತಿಯೊಬ್ಬ ಸಂಶೋಧಕನಿಗೂ ಒಂದು ಕೋಣೆಯಿದ್ದ ಸಂಸ್ಥೆಗಳ ಜೀವನಕ್ರಮ ಈ ಪ್ರಶ್ನೆಯಲ್ಲಿ ಅಚ್ಚಾಗಿದೆ. ಉತ್ತರವನ್ನು ಖಾಲಿ ಬಿಟ್ಟು ಮುಂದೆ ಸಾಗಬಹುದಾದುದರಿಂದ ಇದರಿಂದ ಹಾನಿಯೇನೂ ಇಲ್ಲ.

ಹೆಸರಿನ ತೊಡಕು ಇದಕ್ಕಿಂತ ಗಂಭೀರವಾದುದು. ಲಾಗಿನ್ ಹೆಸರು ಸಾಮಾನ್ಯವಾಗಿ ರೋಮನ್ ಲಿಪಿಯ ಸಣ್ಣಕ್ಷರದಿಂದಲೇ ಆರಂಭವಾಗಬೇಕು. ಕನ್ನಡ ಅಕ್ಷರ ಸಲ್ಲದು. ಲಿನಕ್ಸ್‌ನಲ್ಲಿ ಅದರ ಉದ್ದಕ್ಕೂ ಒಂದು ಮಿತಿಯುಂಟು. ಮುನಿರಾಜು, ಮುನಿಯಪ್ಪ, ನಾರಾಯಣಸ್ವಾಮಿ, ವೆಂಕಟೇಶ ಎಂಬ ಹೆಸರುಗಳು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ತರಗತಿಗಳಲ್ಲಿ ಎಷ್ಟು ಹೇರಳವೆಂಬುದು ಹಾಜರಿ ಕೂಗುವ ಅಧ್ಯಾಪಕರಿಗೆ ಗೊತ್ತಿದೆ. ಇವರನ್ನು ನಾವು ಬೇರ್ಪಡಿಸುವುದು ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳಿಂದ. ಊರ ಹೆಸರು ನಮ್ಮಲ್ಲಿ ಅಲಂಕಾರವಲ್ಲ, ವ್ಯಕ್ತಿಯ ಗುರುತಿನ ಅಂಗ. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮ ವೆಂಕಟೇಶ ಅಯ್ಯಂಗಾರ್ಯರ ಹೆಸರಿನ ಮುಂದೆ ನಿಂತು ಕಡೆಗೆ ಅವರ ಹೆಸರೇ ಆಯಿತು. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಗುಂಡಪ್ಪನವರು ಹುಟ್ಟಿದ ಊರನ್ನಲ್ಲದೆ ದೇವನಹಳ್ಳಿಯನ್ನು ಹೆಸರಿನಲ್ಲಿ ಹೊತ್ತು ಡಿ.ವಿ.ಜಿ. ಆದರು. ಇಂತಹ ಹೆಸರುಗಳನ್ನು ಮೊದಲ ಹೆಸರು, ಕಡೆಯ ಹೆಸರು ಎಂದು ಒಡೆಯಲು ಹೋದರೆ ಇತಿಹಾಸವನ್ನೇ ತಿರುಚಿದಂತಾಗುತ್ತದೆ. ಅದೃಷ್ಟವಶಾತ್ ವಿವರದ ಅಂಕಣದಲ್ಲಿ ಕನ್ನಡವನ್ನು ಬರೆಯಲು ಅಡ್ಡಿಯಿಲ್ಲ. ಲಾಗಿನ್ ಹೆಸರನ್ನು ಪ್ರವೇಶ ಸಂಖ್ಯೆಯಿಂದ ಕಟ್ಟಿ, ವಿವರದಲ್ಲಿ ಊರು ಸಹಿತವಾದ ಪೂರ್ಣ ಹೆಸರನ್ನು ಕನ್ನಡದಲ್ಲಿಯೇ ಬರೆಯುವುದು ಯೋಗ್ಯ ಮಾರ್ಗ. ಕನ್ನಡದ ಲಾಗಿನ್ ಹೆಸರಿಲ್ಲವೆಂಬುದನ್ನೇ ಪರಮ ಅನ್ಯಾಯವೆಂದು ಎಣಿಸುವವರಿದ್ದಾರೆ. ಅವರ ಅಭಿಮಾನವನ್ನು ಗೌರವಿಸುತ್ತೇವೆ. ಆದರೆ ನಿಜವಾದ ನಷ್ಟ ಬೇರೆಡೆಯಲ್ಲಿದೆಯೆಂದು ನಮಗೆ ತೋರುತ್ತದೆ.

ವಸ್ತುತಃ ಯಂತ್ರಕ್ಕೆ ಹೆಸರಿನ ಗೊಡವೆಯಿಲ್ಲ. ಅದು ಕಡತದ ಮೇಲೆ ಬರೆದಿಡುವುದು ಮೂರನೆಯ ಅಂಕಣದ ಸಂಖ್ಯೆಯನ್ನು ಮಾತ್ರ. ಸಂಖ್ಯೆ ಸೊನ್ನೆಯಾದವನು ‘ರೂಟ್’, ಎಂದರೆ ಸರ್ವಾಧಿಕಾರಿ. ಸಾಧಾರಣ ಬಳಕೆದಾರರಿಗೆ ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ 1000ದಿಂದ ಎಣಿಕೆ. ನಾವು ಪರದೆಯ ಮೇಲೆ ನೋಡುವ ಒಡೆಯನ ಹೆಸರು, ಆ ಕ್ಷಣದಲ್ಲಿ ಪಟ್ಟಿಯನ್ನು ತೆರೆದು ಸಂಖ್ಯೆಗೆ ಎದುರಾಗಿರುವ ಹೆಸರನ್ನು ಓದಿ ಹೇಳಿದುದಷ್ಟೆ. ಖಾತೆಯನ್ನು ಪಟ್ಟಿಯಿಂದ ಕಿತ್ತುಹಾಕಿದರೆ ಹಳೆಯ ಕಡತಗಳ ಮೇಲೆ ಬರಿಯ ಅಂಕಿ ಉಳಿಯುತ್ತದೆ. ಅಷ್ಟಾದರೆ ಚಿಂತೆಯಿಲ್ಲ. ಡೆಬಿಯನ್ನಿನ ಆಡ್‌ಯೂಸರ್ ಖಾಲಿಬಿದ್ದ ಮೊದಲ ಸಂಖ್ಯೆಯನ್ನು ಹುಡುಕಿ ಹೊಸಬನಿಗೆ ಕೊಡುತ್ತದೆ. ಹೋದ ವರ್ಷ ತೇರ್ಗಡೆಯಾಗಿ ಹೋದವಳ ಸಂಖ್ಯೆ 1007 ಆಗಿದ್ದು, ಅವಳ ಖಾತೆಯನ್ನು ಅಳಿಸಿ ಕಡತಗಳನ್ನು ಮಾತ್ರ ಉಳಿಸಿಕೊಂಡಿದ್ದರೆ, ಈ ವರ್ಷ 1007 ಪಡೆದ ಹುಡುಗ ಅವಳ ಸಮಸ್ತ ಬರೆಹಕ್ಕೂ ಕರ್ತೃವಾಗಿ ತೋರುತ್ತಾನೆ. ಅವನು ಕದ್ದವನಲ್ಲ, ಅವಳು ಕೊಟ್ಟವಳಲ್ಲ. ಪಟ್ಟಿ ತಾನಾಗಿ ಸುಳ್ಳು ಹೇಳಿತು.

ಇದಕ್ಕಿಂತ ಕೆಟ್ಟದು ನಮ್ಮ ಕಾಲೇಜುಗಳಲ್ಲಿ ರೂಢಿಯಾಗಿರುವ ಸಾಮೂಹಿಕ ಖಾತೆ. ‘ಸ್ಟೂಡೆಂಟ್’ ಎಂಬ ಒಂದೇ ಹೆಸರು, ಗೋಡೆಯ ಮೇಲೆ ಅಂಟಿಸಿದ ಒಂದೇ ಗುಪ್ತಪದ, ಇಡೀ ತರಗತಿಗೆ ಅದೇ. ಲಕ್ಕೂರು ಹೋಬಳಿಯ ಕೆಲವು ಗ್ರಾಮಗಳಲ್ಲಿ ಒಂದು ಕಾಲೇಜಿನ ವಿದ್ಯಾರ್ಥಿಗಳು ಸಂಗ್ರಹಿಸಿದ ಹೇಳಿಕೆಗಳನ್ನು ಪರಿಶೀಲನೆಗಾಗಿ ನಮ್ಮ ಮುಂದಿಟ್ಟಿದ್ದರು. ಒಂದು ಊರಿನ ಕೆರೆ ಕಡೆಯ ಬಾರಿ ಕೋಡಿ ಹರಿದ ವರ್ಷದ ವಿಷಯದಲ್ಲಿ ಎರಡು ಕಡತಗಳು ಪರಸ್ಪರ ವಿರುದ್ಧವಾಗಿದ್ದವು. ಎರಡರಲ್ಲಿಯೂ ಹೇಳಿಕೆ ಕೊಟ್ಟವರು ಒಬ್ಬರೇ ಅಜ್ಜಿ. ಅವರನ್ನು ಎರಡು ಬಾರಿ ಪ್ರಶ್ನಿಸಿದ್ದರೆ, ಅಥವಾ ಒಬ್ಬ ವಿದ್ಯಾರ್ಥಿ ಮತ್ತೊಬ್ಬನ ಟಿಪ್ಪಣಿಯನ್ನು ತಪ್ಪಾಗಿ ನಕಲು ಮಾಡಿದ್ದನೆ? ಬರೆದವರು ಗೊತ್ತಿದ್ದರೆ ಒಂದು ಮಾತಿನಲ್ಲಿ ತೀರ್ಮಾನವಾಗುತ್ತಿತ್ತು. ಎರಡು ಕಡತಗಳ ಒಡೆಯನೂ ‘ಸ್ಟೂಡೆಂಟ್’ ಆಗಿದ್ದನು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ಆ ಊರಿನ ಜಲಚರಿತ್ರೆಯ ಒಂದು ತೇದಿ ಹೀಗೆ ಕೈತಪ್ಪಿತು.

ಶಾನುಭೋಗರ ಕಾಲದ ಲೆಕ್ಕದ ಪುಸ್ತಕಗಳಲ್ಲಿ ಇಂತಹ ಕಷ್ಟ ಬಂದಾಗ ಕೈಬರೆಹ ನೆರವಿಗೆ ಬರುತ್ತದೆ. 1961ರ ಕಾಯಿದೆಯಿಂದ ಆ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ಆದರೆ ಅವರ ಮೋಡಿ ಅಕ್ಷರಗಳ ಓಟವನ್ನು ಬಲ್ಲವರು ತಂದೆಯ ಕೈ ಎಲ್ಲಿ ನಿಂತು ಮಗನ ಕೈ ಎಲ್ಲಿ ಆರಂಭವಾಯಿತೆಂದು ಇಂದಿಗೂ ತೋರಿಸಬಲ್ಲರು. ಕೋಲಾರವನ್ನು, ಎಂದರೆ ಕುವಳಾಲಪುರವನ್ನು, ತಮ್ಮ ಬಿರುದಿನಲ್ಲಿ ಧರಿಸಿದ ಗಂಗರ ತಾಮ್ರಶಾಸನಗಳ ಬಗೆಗೆ ಫ್ಲೀಟರಿಗೂ ರೈಸರಿಗೂ ನಡೆದ ದೀರ್ಘ ವಾದವನ್ನು ನಮ್ಮ ಎಂ.ಎ. ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಅವುಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ಹೇಳಿದುದಕ್ಕೆ ಲಿಪಿಯ ಸ್ವರೂಪವೂ ಒಂದು ಆಧಾರವಾಗಿತ್ತು. ಗಣಕದ ಕಡತದಲ್ಲಿ ಈ ಆಧಾರ ಸಂಪೂರ್ಣವಾಗಿ ಇಲ್ಲ. ಅಲ್ಲಿ ಗುರುವಿನ ‘ಕ’ಕ್ಕೂ ಶಿಷ್ಯನ ‘ಕ’ಕ್ಕೂ ವ್ಯತ್ಯಾಸವಿಲ್ಲ. ಲಾಂಗ್ಲ್ವಾ ಮತ್ತು ಸೆಞೊಬೊ ಇಬ್ಬರೂ 1898ರ ತಮ್ಮ ಗ್ರಂಥದಲ್ಲಿ ವಿವರಿಸಿದ ಬಾಹ್ಯ ವಿಮರ್ಶೆಯನ್ನು ತರಗತಿಯಲ್ಲಿ ಬೋಧಿಸಿ, ಪಕ್ಕದ ಕೊಠಡಿಯಲ್ಲಿ ಅದಕ್ಕೆ ಬೇಕಾದ ಸಾಕ್ಷ್ಯವನ್ನು ನಾವೇ ಹುಟ್ಟುವ ಮೊದಲೇ ನಾಶಪಡಿಸುವುದು ಯಾವ ನ್ಯಾಯ?

ಸರ್ಕಾರ ಈ ಸೂಕ್ಷ್ಮವನ್ನು ನಮಗಿಂತ ಮೊದಲು ಅರಿಯಿತೆನ್ನಬೇಕು. ಕರ್ನಾಟಕದ ಪಹಣಿಗಳನ್ನು ಗಣಕಕ್ಕೆ ಅಳವಡಿಸಿದ ‘ಭೂಮಿ’ ಯೋಜನೆ ಯೂನಿಕ್ಸ್‌ನ ಮೇಲೆ ಆರಂಭವಾದುದಲ್ಲ. ಆದರೂ ಇಲ್ಲಿ ಅದು ಪ್ರಸ್ತುತ. ಈ ಶತಮಾನದ ಆರಂಭದಲ್ಲಿ ತಾಲ್ಲೂಕು ಕಚೇರಿಗಳಲ್ಲಿ ಅದು ನೆಲೆಗೊಂಡಾಗ, ಖಾತೆ ಬದಲಾವಣೆ ಮಾಡುವ ನೌಕರರು ಬರಿಯ ಗುಪ್ತಪದದಿಂದ ಒಳಹೋಗುವಂತಿರಲಿಲ್ಲ, ಬೆರಳಚ್ಚನ್ನು ಒತ್ತಬೇಕಾಗಿತ್ತು. ‘ನನ್ನ ಗುಪ್ತಪದವನ್ನು ಬೇರೆ ಯಾರೋ ಬಳಸಿದರು’ ಎಂದು ಮುಂದೆ ಯಾರೂ ಹೇಳಬಾರದೆಂಬುದೇ ಇದರ ಉದ್ದೇಶ. ಎರಡು ಗುಂಟೆ ಜಮೀನಿನ ತಿದ್ದುಪಡಿಗೆ ಇಷ್ಟು ಎಚ್ಚರ. ಒಂದು ಊರಿನ ನೆನಪಿನ ತಿದ್ದುಪಡಿಗೆ ಎಚ್ಚರವೇ ಇಲ್ಲ.

ಪ್ರತ್ಯೇಕ ಖಾತೆಗಳಿಗೆ ವಿರುದ್ಧವಾಗಿ ಹೇಳುವ ಕಾರಣಗಳು ಹೆಚ್ಚಾಗಿ ಸೋಮಾರಿತನದಿಂದ ಬಂದವು. ಅರವತ್ತು ಮಂದಿಗೆ ಅರವತ್ತು ಬಾರಿ ಪ್ರಶ್ನೋತ್ತರ ನಡೆಸಬೇಕಾಗಿಲ್ಲ. ಹೆಸರುಗಳನ್ನು ಪಾಸ್‌ವರ್ಡ್ ಕಡತದ ಕ್ರಮದಲ್ಲಿಯೇ ಒಂದು ಕಡತದಲ್ಲಿ ಬರೆದು ‘ನ್ಯೂಯೂಸರ್ಸ್’ ಎಂಬ ಆಜ್ಞೆಗೆ ಒಪ್ಪಿಸಿದರೆ ಎಲ್ಲ ಖಾತೆಗಳೂ ಒಮ್ಮೆಗೇ ಸಿದ್ಧವಾಗುತ್ತವೆ. ಮೊದಲ ಲಾಗಿನ್‌ನಲ್ಲಿಯೇ ಗುಪ್ತಪದವನ್ನು ಬದಲಿಸಲೇಬೇಕೆಂದು ವಿಧಿಸಲೂ ಬರುತ್ತದೆ. ಮರೆತರೆ ಮೇಲ್ವಿಚಾರಕರು ಹೊಸದನ್ನು ಕೊಡಬಹುದು. ವಿದ್ಯಾರ್ಥಿಗಳು ಒಟ್ಟಿಗೆ ಕೆಲಸಮಾಡಬೇಕಾದ ಕಡೆ ಗುಂಪಿನ ವ್ಯವಸ್ಥೆಯಿದೆ: ಲಕ್ಕೂರು ತಂಡಕ್ಕೆ ಒಂದು ಗುಂಪನ್ನು ರಚಿಸಿ, ಅದರ ಕಡತಕೋಶದಲ್ಲಿ ಎಲ್ಲರೂ ಬರೆಯುವಂತೆಯೂ, ಪ್ರತಿಯೊಬ್ಬನ ಮೂಲ ಟಿಪ್ಪಣಿಯನ್ನು ಉಳಿದವರು ಓದಬಹುದಾದರೂ ತಿದ್ದಲಾಗದಂತೆಯೂ ಏರ್ಪಡಿಸಬಹುದು. ಯಂತ್ರಗಳು ಹಲವಿದ್ದಲ್ಲಿ ಒಬ್ಬನಿಗೆ ಎಲ್ಲ ಯಂತ್ರಗಳಲ್ಲಿಯೂ ಒಂದೇ ಸಂಖ್ಯೆ ಇರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಕಡತಗಳನ್ನು ಸಂಖ್ಯೆ ಸಮೇತ ಸಾಗಿಸಿದಾಗ ಒಬ್ಬನ ಬರೆಹ ಮತ್ತೊಬ್ಬನದಾಗಿ ಕಾಣಿಸೀತು.

ಒಂದು ಆಕ್ಷೇಪ ಮಾತ್ರ ವಿಚಾರಾರ್ಹವಾದುದು. ರೂಟ್ ಅಧಿಕಾರವುಳ್ಳವನು ಯಾವ ಕಡತದ ಒಡೆತನವನ್ನಾದರೂ ಬದಲಿಸಬಲ್ಲನು. ಗೆಳೆಯನ ಗುಪ್ತಪದವನ್ನು ಕೇಳಿ ಪಡೆದವನು ಗೆಳೆಯನಾಗಿ ಬರೆಯಬಲ್ಲನು. ಇದು ನಿಜ. ಖಾತೆಯ ಸಾಕ್ಷ್ಯ ಅಂತಿಮವಲ್ಲ. ಆದರೆ ತಾಮ್ರಪಟದ ಮುದ್ರೆಯೂ ಅಂತಿಮ ಸಾಕ್ಷ್ಯವಲ್ಲ. ಹಾಗೆಂದು ಮುದ್ರೆಯೇ ಬೇಡವೆಂದು ಯಾವ ಅರಸನೂ ಹೇಳಲಿಲ್ಲ. ಸಂದೇಹಕ್ಕೆ ಅವಕಾಶವಿರುವ ಸಾಕ್ಷ್ಯವನ್ನು ವಿಮರ್ಶಿಸಬಹುದು, ಇಲ್ಲದ ಸಾಕ್ಷ್ಯವನ್ನು ವಿಮರ್ಶಿಸಲಾಗದು. ಟಿಪ್ಪಣಿಯ ಮೊದಲ ಸಾಲಿನಲ್ಲಿ ಬರೆದವರ ಹೆಸರು, ಊರು, ತೇದಿಗಳನ್ನು ನಮೂದಿಸುವ ಹಳೆಯ ಪದ್ಧತಿಯನ್ನೂ ಜೊತೆಗಿಟ್ಟುಕೊಂಡರೆ ಒಂದು ಸಾಕ್ಷ್ಯವನ್ನು ಮತ್ತೊಂದರೊಡನೆ ಹೋಲಿಸಿ ನೋಡಲು ಸಾಧ್ಯ.

ಉಳಿದುದು ಖಾತೆಯನ್ನು ಮುಚ್ಚುವ ಕ್ರಮ. ವಿದ್ಯಾರ್ಥಿ ಕಾಲೇಜನ್ನು ಬಿಟ್ಟಾಗ ಅವನ ಖಾತೆಯನ್ನು ಅಳಿಸಬಾರದು; ‘ಯೂಸರ್‌ಮಾಡ್’ ಆಜ್ಞೆಯಿಂದ ಬೀಗ ಹಾಕಿ, ಅವಧಿ ಮುಗಿದುದಾಗಿ ನಮೂದಿಸಿದರೆ ಸಾಕು. ಅವನು ಒಳಬರಲಾಗದು, ಅವನ ಸಾಲು ಪಟ್ಟಿಯಲ್ಲಿಯೇ ಇರುತ್ತದೆ. ಸಂಖ್ಯೆಗಳಿಗೇನೂ ಬರವಿಲ್ಲ. ಹಿಂದೆ 65,535ರ ಮೇಲೆ ಹೋಗಲಾಗದಿದ್ದ ಎಣಿಕೆ ಲಿನಕ್ಸ್‌ನಲ್ಲಿ 2001ರಿಂದೀಚೆಗೆ ನಾನ್ನೂರು ಕೋಟಿಯನ್ನೂ ದಾಟಬಲ್ಲುದಾಗಿದೆ. ಲಕ್ಕೂರು ಹೋಬಳಿಯ ಪ್ರತಿ ಮನೆಯ ಮಕ್ಕಳೂ ತಲೆಮಾರುಗಳವರೆಗೆ ನಮ್ಮ ವಿಭಾಗಕ್ಕೇ ಸೇರಿದರೂ 1007ನ್ನು ಎರಡನೆಯವರಿಗೆ ಕೊಡಬೇಕಾದ ಪ್ರಮೇಯ ಬಾರದು.